ಚಿಕ್ಕವ್ವನ ನೆಟಿಕೆ

ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ಸಾಕಾಗಿ ಪೆನ್ಸಿಲನ್ನು ಕೆಳಗಿಟ್ಟ ಕೂಡಲೇ ನನ್ನ ಎಡಗೈ ಬಲಗೈಯ ಬೆರಳುಗಳನ್ನು ಹಿಡಿದು ಒಂದೊಂದಾಗಿ ನೆಟಿಕೆ ಮುರಿಯುತ್ತದೆ. ನನ್ನ ಅಪ್ಪಣೆಗೇನೂ ಅದು ಕಾಯುವುದಿಲ್ಲ. ಈ ಲಟಲಟ ಸದ್ದು ನನಗೆ ಸಂಗೀತವಾದರೂ ಸಹೋದ್ಯೋಗಿಗಳಿಗೆ ಕರ್ಣಕಠೋರ. ಹನೂರಿನ ನಮ್ಮ ಶಾಲೆಯ ಪಂಡಿತರು, ಮುಸ್ಸಂಜೆ ನೆಟಿಕೆ ಮುರಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆಂದು ಎಚ್ಚರಿಸಿದ್ದರು. ಎದ್ದು ಹೋಗುವುದಕ್ಕೆ ಆಕೆ ಮೇಷ್ಟರ ಮನೆಗೆ ಬಂದು ಕೂತದ್ದಾದರೂ ಯಾವಾಗ, ನೀವೇ ಹೇಳಿ! ಡ್ರಿಲ್ ಮೇಷ್ಟರ ಭೀತಿ ಬೇರೆ: ಮುದುಕನಾಗುವಷ್ಟರಲ್ಲಿ ಕೀಲುಗಳೆಲ್ಲ ಸವೆದು, ಅನ್ನ ಕಲಸುವುದಕ್ಕೂ ಆಳು ಬೇಕಾದೀತಂತೆ.

ಇಬ್ಬರ ನಡುವೆ ತೀರ್ಪು ಕೊಟ್ಟವರು ಮದರಾಸಿನಲ್ಲಿ ಓದಿ ಊರಿನ ಆಸ್ಪತ್ರೆಗೆ ಬಂದಿದ್ದ ಡಾಕ್ಟರು. ಮುರಿಯುವುದು ಮೂಳೆಯಲ್ಲ ಎಂದು ಅವರು ನಕ್ಕರು. ಕೀಲಿನ ಸಂದಿಯಲ್ಲಿ ಎಣ್ಣೆಯಂಥ ದ್ರವವಿದೆ, ಬೆರಳನ್ನೆಳೆದಾಗ ಸಂದಿ ಹಿಗ್ಗಿ ಆ ದ್ರವದಲ್ಲಿ ಏಳುವ ಗಾಳಿಯ ಗುಳ್ಳೆಯಿಂದ ಸದ್ದಾಗುತ್ತದೆ. ನೋವು, ಊತ ಇಲ್ಲದಿದ್ದರೆ ಅದರಿಂದ ಕೇಡೇನೂ ಕಾಣೆ ಎಂದರು. ನಾನು ವಿಜಯೋತ್ಸಾಹದಲ್ಲಿ ಎಲ್ಲ ಬೆರಳನ್ನೂ ಮುರಿದು, ಸಾಲದೆಂದು ಇನ್ನೊಂದು ಸುತ್ತಿಗೆ ತೊಡಗಿದೆ. ಸದ್ದೇ ಇಲ್ಲ.

"ಈಗ ಬರೋದಿಲ್ಲ ಮೇಷ್ಟ್ರೇ. ಒಂದ್ಸಲ ಮುರಿದ ಕೀಲು ಸ್ವಲ್ಪ ಹೊತ್ತು ಸುಮ್ಮನಿರುತ್ತೆ. ಯಾರ ಬೆರಳಾದರೂ ಅಷ್ಟೇ" ಎಂದರು ಡಾಕ್ಟರು.

ನನ್ನ ನಗೆ ಅಲ್ಲೇ ನಿಂತುಹೋಯಿತು. ಕೊಳ್ಳೇಗಾಲದಲ್ಲಿದ್ದ ಚಿಕ್ಕವ್ವ ನೆನಪಾದಳು.

ನನ್ನನ್ನು ಹೆತ್ತವಳು ಬಾಣಂತಿತನದಲ್ಲೇ ತೀರಿಕೊಂಡಿದ್ದಳು. ಚಿಕ್ಕಪ್ಪನ ಹೆಂಡತಿ ಚಿಕ್ಕವ್ವ ತನ್ನ ಮಗ ಮಾದುವಿನ ಜೊತೆಗೆ ನನ್ನನ್ನೂ ಸಾಕಿದಳು. ನಮ್ಮದು ಮಗ್ಗದ ಮನೆ. ಹಗಲೆಲ್ಲ ರೇಷ್ಮೆ ನೂಲು ಸುತ್ತುವ ಆ ಬೆರಳುಗಳು, ನಮ್ಮಲ್ಲಿ ಯಾರಾದರೂ ಹೊರಗಿನಿಂದ ಬಂದರೆ ಕೆನ್ನೆ ಸವರಿ, ಅವಳ ಕಪಾಲಕ್ಕೊತ್ತಿ ನೆಟಿಕೆ ಮುರಿದು ದೃಷ್ಟಿ ತೆಗೆಯುತ್ತಿದ್ದವು. ಸದ್ದಾದರೆ ದೃಷ್ಟಿ ಹೋಯಿತೆಂದು ಲೆಕ್ಕ.

ಒಮ್ಮೆ ಯಳಂದೂರಿನ ಮದುವೆಗೆ ಚಿಕ್ಕಪ್ಪ ತಾನೇ ನೇಯ್ದ ಜರಿಯಂಚಿನ ಪಂಚೆಗಳನ್ನು ನಮ್ಮಿಬ್ಬರಿಗೂ ಉಡಿಸಿದ. ಚಪ್ಪರದವರೆಲ್ಲ ನಮ್ಮನ್ನೇ ನೋಡಿದರು. ಚಿಕ್ಕವ್ವನಂತೂ ಮಾದುವಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಮನೆಗೆ ಬಂದಾಗ, ತಾಯಿಲ್ಲದ ಕೂಸಿಗೆ ಮೊದಲಾಗಲಿ ಎಂದು ನನ್ನ ದೃಷ್ಟಿ ತೆಗೆದಳು. ಹತ್ತು ಬೆರಳೂ ಲಟಲಟ ಎಂದವು. ಬಳಿಕ ಮಾದುವಿನ ಕೆನ್ನೆ ಸವರಿದಳು. ಒಂದು ಬೆರಳೂ ಸದ್ದು ಮಾಡಲಿಲ್ಲ. ಮತ್ತೆ ಸವರಿದಳು, ಮತ್ತೆ ಒತ್ತಿದಳು. ಇಲ್ಲ.

ಅದೇ ವಾರ ಮಾದುವಿಗೆ ಚಳಿಜ್ವರ ಹತ್ತಿತು. ಅಮಾವಾಸ್ಯೆಗೆ ಮುಂಚೆ ಅವನು ಹೋಗಿಬಿಟ್ಟ.

ಸಾಂತ್ವನ ಹೇಳಲು ಬಂದ ನೆರೆಮನೆಯ ಅಜ್ಜಿ, "ಎತ್ತ ತಾಯಿ ಕಣ್ಣು ತಗುಲಿದ್ರೆ ಎತ್ತೋಳ ಕೈಗೆ ನೆಟಿಕೆ ಬರಾಕಿಲ್ಲ ಕಣವ್ವ" ಎಂದುಬಿಟ್ಟಳು. ಮಗನನ್ನು ಕಣ್ತುಂಬ ನೋಡಿ ಹಿಗ್ಗಿದ್ದೇ ಅವನಿಗೆ ಮುಳುವಾಯಿತೆಂದು ಚಿಕ್ಕವ್ವ ನಂಬಿದಳು. ಆಮೇಲೆ ಅವಳು ಯಾವ ಮಗುವನ್ನೂ ನೆಟ್ಟು ನೋಡಲಿಲ್ಲ. ನನಗೆ ಉಣಬಡಿಸುವಾಗಲೂ ಅವಳ ದೃಷ್ಟಿ ತಟ್ಟೆಯ ಮೇಲೆಯೇ. ನಾನು ಮೇಷ್ಟರಾದ ಮೇಲೂ ನೆಲ ನೋಡುತ್ತಲೇ ನನಗೆ ನೆಟಿಕೆ ಮುರಿಯುತ್ತಿದ್ದಳು.

ಡಾಕ್ಟರು ಹೇಳಿದ ಆ ವಾರದ ಶನಿವಾರವೇ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋದೆ. ರಾಟೆಯ ಮುಂದೆ ಕೂತಿದ್ದ ಚಿಕ್ಕವ್ವನಿಗೆ ಡಾಕ್ಟರ ಮಾತನ್ನೆಲ್ಲ ಬಿಡಿಸಿ ಹೇಳಿದೆ. ಅಂದು ಸದ್ದಾಗದ್ದು ಅವಳ ಕಣ್ಣಿನ ತಪ್ಪಲ್ಲ, ನನಗೆ ಮುರಿದ ಬೆರಳುಗಳು ಇನ್ನೂ ಸುಧಾರಿಸಿಕೊಂಡಿರಲಿಲ್ಲ, ಅಷ್ಟೇ ಎಂದೆ. ಅವಳು ರಾಟೆ ನಿಲ್ಲಿಸಿ ತನ್ನ ಬೆರಳನ್ನು ಮುರಿದಳು. ಸದ್ದಾಯಿತು. ಅದನ್ನೇ ಮತ್ತೆ ಮುರಿದಳು. ಆಗಲಿಲ್ಲ.

"ಅಂಗಾರೆ, ಮಾದೂಗೆ ಮೊದ್ಲು ಮುರುದಿದ್ರೆ ಸದ್ದು ಬತ್ತಿತ್ತಾ ಕೂಸು?"

ಬರುತ್ತಿತ್ತು ಎಂದೆ. ಬೇರೇನು ಹೇಳಲಿ? ಜ್ವರಕ್ಕೂ ನೆಟಿಕೆಗೂ ಸಂಬಂಧವಿಲ್ಲವೆಂದು ಆಮೇಲೆ ಎಷ್ಟೋ ಹೇಳಿದೆ. ಅದು ಅವಳ ಕಿವಿಗೆ ಬೀಳಲಿಲ್ಲ.

"ನಾನು ನಿನ್ಗೆ ಮೊದ್ಲು ಮುರುದ್ಬುಟ್ನಲ್ಲಪ್ಪ" ಎಂದಳು.

ಮಾರನೆಯ ದಿನ ಹೊರಟು ನಿಂತಾಗ ಹೊಸ್ತಿಲಿಗೆ ಬಂದು ನನ್ನ ಮುಖವನ್ನು ಕಣ್ತುಂಬ ನೋಡಿದಳು. ಎರಡೂ ಕೈಯಿಂದ ಕೆನ್ನೆ ಸವರಿದಳು. ನಾನು ತಲೆ ಬಗ್ಗಿಸಿ ಕಾದೆ. ಅವಳು ಕೈಗಳನ್ನು ಕಪಾಲಕ್ಕೆ ಒಯ್ಯದೆ, ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು.