ಒಡ್ಡು ಕಾಯುತ್ತಿದ್ದ ಕಾಕಾ

ಕಾಕಾನ ಹಿಮ್ಮಡಿಯ ಬಿರುಕುಗಳಲ್ಲಿ ಕರಿಮಣ್ಣು ಸೇರಿಕೊಂಡು, ಯಾರೋ ಪೆನ್ನಿನಿಂದ ಗೆರೆ ಎಳೆದಂತೆ ಕಾಣುತ್ತಿತ್ತು. ಮದುವೆಗೆಂದು ಬಿಳಿ ಧೋತರ ಉಟ್ಟು, ಸಾಬೂನು ಹಚ್ಚಿ ಕಾಲು ತಿಕ್ಕಿಕೊಂಡು ಬಂದರೂ ಆ ಗೆರೆಗಳು ಹೋಗುತ್ತಿರಲಿಲ್ಲ. ಚಪ್ಪಲಿ ಇರಲಿಲ್ಲವೆಂದಲ್ಲ. ಕಾಲಲ್ಲಿ ಇರುವುದಕ್ಕಿಂತ ಕಂಕುಳಲ್ಲಿ ಇರುತ್ತಿದ್ದದ್ದೇ ಹೆಚ್ಚು. ಕೆರೆಯ ಒಡ್ಡು ಹತ್ತುವ ಮುಂಚೆ ಕಳಚಿ ಕಂಕುಳಿಗೆ ಸಿಕ್ಕಿಸಿಕೊಂಡರೆ, ಆ ತುದಿಗೆ ಇಳಿದ ಮೇಲೆಯೇ ಮತ್ತೆ ಕಾಲಿಗೆ. ಹೀಗಾಗಿ ಒಂದು ಜೋಡು ಏಳೆಂಟು ವರ್ಷ ಬಾಳುತ್ತಿತ್ತು.

ಅದು ಟಿಕೋಟಾ ತಾಲ್ಲೂಕಿನಲ್ಲಿ, ಕನಮಡಿ ಕಡೆಯ ಒಂದು ಮಣ್ಣಿನ ಒಡ್ಡಿನ ಕೆರೆ. ಕಾಕಾ ಅದರ ವಾಚ್‌ಮನ್. ನಾನು ನೀರಾವರಿ ಇಲಾಖೆಗೆ ಹೊಸದಾಗಿ ಸೇರಿದ ಇಂಜಿನಿಯರ್. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಅಪ್ಪನ ಮೋಟಾರ್ ರಿಪೇರಿ ಅಂಗಡಿಯ ಹಿಂದೆ ಬೆಳೆದವಳು. ಒಡ್ಡುಗಳನ್ನು ಪುಸ್ತಕದ ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ಸರಿಯಾಗಿ ನೋಡಿರಲಿಲ್ಲ. ಮೊದಲ ದಿನ ದಪ್ಪ ಬೂಟು ಹಾಕಿಕೊಂಡು ಠೀವಿಯಿಂದ ಒಡ್ಡು ಹತ್ತಿದೆ. ಕಾಕಾ ನನ್ನ ಬೂಟು ನೋಡಿ, ಬರಿಗಾಲಲ್ಲಿ ಮುಂದೆ ನಡೆದ. ಮೂರನೆಯ ದಿನ ನಾನೇ ತಡೆಯಲಾರದೆ, ದೇವರ ಜಾಗವೆಂದು ಚಪ್ಪಲಿ ಬಿಡುತ್ತೀರಾ ಎಂದು ಕೇಳಿದೆ. ಊರವರೆಲ್ಲ ಹಾಗೇ ತಿಳಿದಿದ್ದರು.

"ದೇವರಿದ್ದರ ಇರ್ಲಿ, ಬ್ಯಾಡಂದವರ ಯಾರ್ರಿ?" ಎಂದು ಕಾಕಾ ನಕ್ಕ. "ಎಲ್ಲಿ ಹಸಿ ಐತಿ, ಎಲ್ಲಿ ಕಾಲ ಕುಸಿತೈತಿ ಅನ್ನೂದು ಚಪ್ಪಲಿಗೇನ್ ಗೊತ್ತಾಗ್ತೈತ್ರಿ ಮೇಡಮ್ಮಾರ? ಬರಿಗಾಲಿಗೆ ಗೊತ್ತಾಗ್ತೈತಿ."

ಮರುದಿನದಿಂದ ನಾನೂ ಬೂಟು ಕಳಚಿದೆ. ಮುಳ್ಳು ಚುಚ್ಚಿಸಿಕೊಂಡು ಅವನಿಗೆ ಮನಸಾರೆ ಬೈದುಕೊಂಡೆ.

ಕೆರೆ ಎಷ್ಟೋ ವರ್ಷ ಒಣಗಿಯೇ ಇತ್ತು. ನೀರಿಲ್ಲದ ಕೆರೆಗೆ ವಾಚ್‌ಮನ್ ಎಂದು ಚಹಾದಂಗಡಿಯಲ್ಲಿ ಅವನಿಗೆ ಮಂಗಳಾರತಿ ಆಗುತ್ತಿತ್ತು. "ಏನ್ ಕಾಯ್ತೀಯೋ ಮಾರಾಯಾ, ಓತಿಕ್ಯಾತನ್ನಾ?" ಎಂದರೆ, "ಒಡ್ಡ ಕಾಯ್ತೀನಿ. ನೀರ ಯಾವಾಗರೆ ಬಂದs ಬರ್ತೈತಿ, ಆವತ್ತ ಒಡ್ಡ ಇರಬೇಕಲ್ಲ," ಎನ್ನುತ್ತಿದ್ದ. ಜಾಲಿ ಸಸಿ ಗೇಣುದ್ದ ಇರುವಾಗಲೇ ಕೀಳುತ್ತಿದ್ದ. ದೊಡ್ಡದಾಗಿ ಬೇರು ಇಳಿಸಿದರೆ, ಬೇರು ಕೊಳೆತ ಮೇಲೆ ಅದೇ ನೀರಿಗೆ ದಾರಿಯಾಗುತ್ತದೆಂದು. ಇಲಿ ಬಿಲಗಳಿಗೆ ಮಣ್ಣು ತುಂಬಿ ಕೋಲಿನಿಂದ ಜಡಿಯುತ್ತಿದ್ದ. ಮಧ್ಯಾಹ್ನ ಬೇವಿನ ಮರದಡಿ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದರೆ ಮೊದಲ ರೊಟ್ಟಿ ನನ್ನ ಕೈಗೆ. ಬೇಡವೆಂದರೆ, ನಿಮ್ಮ ಕಾಕು ಬೈತಾಳ ಎಂದು ಹೆಂಡತಿಯ ಮೇಲೆ ಹಾಕುತ್ತಿದ್ದ.

ಕಡೆಗೆ ಒಂದು ವರ್ಷ ಹೊಳೆಯ ನೀರನ್ನು ಪಂಪಿನಿಂದ ಎತ್ತಿ ನಮ್ಮ ಕೆರೆಗೂ ಬಿಟ್ಟರು. ಊರಿಗೆ ಊರೇ ಒಡ್ಡಿನ ಮೇಲೆ ನಿಂತಿತ್ತು. ಟ್ಯಾಂಕರಿನಲ್ಲಿ ನೀರು ತಂದು ದ್ರಾಕ್ಷಿ ಉಳಿಸಿಕೊಂಡಿದ್ದ ಜನ ಕಾಲುವೆಯ ಬಾಯಿಗೆ ಹೋಗಿ ಕೈಯೊಡ್ಡಿ ಕುಡಿದರು. ಕೆರೆ ತುಂಬುತ್ತ ಬಂದಂತೆ ಒಡ್ಡಿನ ಹಿಂದಿನ ಬುಡದಲ್ಲಿ, ಕಲ್ಲಿನ ಸಂದಿನಿಂದ ಸಣ್ಣಗೆ ನೀರು ಬಸಿಯತೊಡಗಿತು. ಒಡ್ಡು ಒಡೆಯುತ್ತದೆಂದು ನಾನು ಕಾಕಾನನ್ನು ಕೂಗಿ ಕರೆದೆ. ಕಾಕಾ ಒಂದು ಗಾಜಿನ ಗ್ಲಾಸು ತಂದು ನೀರು ಹಿಡಿದು, ಕಲ್ಲಿನ ಮೇಲೆ ಇಟ್ಟ. ಅರ್ಧ ತಾಸು ಬಿಟ್ಟು ತಳ ತೋರಿಸಿದ. ಏನೂ ಇರಲಿಲ್ಲ.

"ನೀರ ಬರೂದಕ್ಕ ಅಂಜಬ್ಯಾಡ್ರಿ. ಮಣ್ಣಿನ ಒಡ್ಡ ಅಂದಮ್ಯಾಲ ಬಸೀತೈತಿ. ನೀರಿನ ಜೋಡಿ ಮಣ್ಣ ಬರಾಕತ್ತಿತಂದ್ರ, ಒಡ್ಡಿನ ಹೊಟ್ಟಿ ಒಳಗಿಂದ ಖಾಲಿ ಆಗಾಕತ್ತೈತಿ ಅಂತ ತಿಳೀರಿ. ಆವಾಗ ಅಂಜ್ರಿ."

ದಿನಾ ಬೆಳಿಗ್ಗೆ ಗ್ಲಾಸು ಇಡುವುದು ರೂಢಿಯಾಯಿತು. ಆದರೆ ಊರ ಹೆಣ್ಣುಮಕ್ಕಳಿಗೆ ಆ ಒಸರು ಕಂಡದ್ದು ಬೇರೆ ರೀತಿ. ಗಂಗವ್ವ ತಾನಾಗಿಯೇ ಹೊರಗೆ ಬಂದಾಳ ಎಂದು ಅಲ್ಲಿ ಅರಿಷಿಣ ಕುಂಕುಮ ಏರಿಸಿ ಪೂಜೆ ಮಾಡತೊಡಗಿದರು. ಕೆರೆಗೆ ಬಾಗಿನ ಬಿಡಲು ದಿನ ಗೊತ್ತಾಯಿತು. ದೊಡ್ಡವರು ಬರುವವರಿದ್ದರು, ಪೆಂಡಾಲು ಎದ್ದಿತು.

ಬಾಗಿನಕ್ಕೆ ಮೂರು ದಿನ ಇರುವಾಗ ಗ್ಲಾಸಿನ ನೀರು ಹಳದಿ ಬಂತು. ಎಲ್ಲರೂ ಅರಿಷಿಣ ಎಂದರು. ನಾನೂ ಅರಿಷಿಣವೆಂದೇ ಹೇಳಿದೆ, ಹಾಗೆಂದು ನಂಬಲು ನನಗೂ ಮನಸ್ಸಿತ್ತು. ಕಾಕಾ ಮಾತ್ರ ಗ್ಲಾಸನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಹೆಣ್ಣುಮಕ್ಕಳ ಮುಂದೆ ಕೈಮುಗಿದು, "ಯವ್ವಾ, ಒಂದ ದಿನ ಪೂಜಿ ಬಿಡ್ರಿ, ಅಕಿ ಸಿಟ್ಟಾಗೂದಿಲ್ಲ," ಎಂದ. ಅವರು ಗೊಣಗಿದರೂ ಕೇಳದೆ ಕಲ್ಲುಗಳನ್ನೆಲ್ಲ ಪೊರಕೆಯಿಂದ ತಿಕ್ಕಿ ತೊಳೆದ. ಮರುದಿನ ಹಿಡಿದ ನೀರಿನಲ್ಲಿ ಹಳದಿ ಇರಲಿಲ್ಲ. ಗ್ಲಾಸಿನ ತಳದಲ್ಲಿ ತೆಳುವಾಗಿ ಕರಿಮಣ್ಣು ಕೂತಿತ್ತು. ಕಾಕಾ ಅದನ್ನು ನನ್ನ ಅಂಗೈಗೆ ಹಚ್ಚಿದ.

ನನ್ನ ಮೇಲಿನ ಸಾಹೇಬರಿಗೆ ಫೋನು ಮಾಡಿದೆ. "ಬಾಗಿನ ನಾಡದು ಐತಿ. ಸ್ಥಳದಾಗ ನೀವದೀರಿ, ನೀವs ನಿರ್ಧಾರ ಮಾಡ್ರಿ," ಎಂದು ಇಟ್ಟುಬಿಟ್ಟರು. ಒಡ್ಡಿನ ಕೆಳಗೆ ಇಪ್ಪತ್ತು ಮೂವತ್ತು ಮನೆ, ತೋಟಗಳು. ಕೆರೆಯ ನೀರು ಹೊರಗೆ ಬಿಟ್ಟರೆ, ಪಂಪಿನ ನೀರಿಗೆ ನಮ್ಮ ಸರದಿ ಮತ್ತೆ ಬರುವುದು ಮುಂದಿನ ವರ್ಷವೇ. ಕಾಕಾನ ಹತ್ತಿರ ಹೋಗಿ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ, ತೂಬಿನ ಗೇಟು ತೆರೆಯಿರಿ ಎಂದೆ.

"ಖರೇ ಅಂತೀರಿ?"

"ಖರೇ ಕಾಕಾ."

ಅವನು ಗೇಟಿನ ಗಾಲಿ ತಿರುಗಿಸಿದ. ನೀರು ಹಳ್ಳಕ್ಕೆ ಧುಮುಕಿದ ಸದ್ದಿಗೆ ಜನ ಓಡಿಬಂದರು. ಎಲ್ಲರಿಗಿಂತ ಮುಂದೆ ದ್ರಾಕ್ಷಿ ತೋಟದ ಹಿರಿಯರೊಬ್ಬರು. ಕಾಕಾನ ಅಂಗಿಯ ಕೊರಳಪಟ್ಟಿ ಹಿಡಿದು, "ಲೇ, ನಮ್ಮ ಬಾಯಾಗಿನ ತುತ್ತ ಕಸದ್ಯಲ್ಲೋ! ತೆರಿ ಅಂತ ಯಾರ ಹೇಳಿದ್ರು ನಿನಗ?" ಎಂದು ಕಿರುಚಿದರು.

ಕಾಕಾ ಒಂದು ಸಲ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿ ಮೊಬೈಲ್ ಒತ್ತುತ್ತ ನಿಂತೆ. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಯಾರೂ ಹೇಳಿಲ್ರಿ," ಎಂದ ಕಾಕಾ. "ನನಗs ಅನಿಸ್ತು, ತೆರದೆ."

ಕೆಲವರು ಕರಿಮಣ್ಣು ತಂದು ಒಸರಿನ ಬಾಯಿ ಮುಚ್ಚಲು ಬಂದರು. ಅಷ್ಟು ಬೈಸಿಕೊಂಡವನೇ ಅವರಿಗೆ ಅಡ್ಡ ನಿಂತು, "ಬಾಯಿ ಮುಚ್ಚಿದ್ರ ಮತ್ತೊಂದ ಕಡೆ ಒಡೀತೈತ್ರಿ," ಎಂದು ಉಸುಕು, ಅದರ ಮೇಲೆ ಜಲ್ಲಿ ಖಡಿ, ಅದರ ಮೇಲೆ ಕಲ್ಲು ಹಾಕಿಸಿದ. ನೀರು ಹೋಗಬೇಕು, ಮಣ್ಣು ಉಳಿಯಬೇಕು. ನಾಲ್ಕು ದಿನಕ್ಕೆ ಕೆರೆ ಅರ್ಧ ಇಳಿದಾಗ ಒಡ್ಡಿನ ಒಳಮೈಯಲ್ಲಿ ಕೊಳೆತ ಹಳೆಯ ಬೇರಿನ ಪೊಟರೆ ಕಂಡಿತು. ನನ್ನ ತೋಳು ಭುಜದವರೆಗೆ ಒಳಗೆ ಹೋಯಿತು. ಕರೆದು ತೋರಿಸಿದರೂ ಜನ ಸಮಾಧಾನಪಡಲಿಲ್ಲ. ಯಾವ ಒಡ್ಡಿಗೆ ತೂತಿಲ್ಲ ಎಂದರು. ಪೆಂಡಾಲು ಬಿಚ್ಚಿಕೊಂಡು ಹೋಯಿತು.

ಆಮೇಲೆ ಚಹಾದಂಗಡಿಯಲ್ಲಿ ಯಾರೂ ಕಾಕಾನನ್ನು ಚುಡಾಯಿಸಲಿಲ್ಲ. ಮಾತೇ ಬಿಟ್ಟರು. ಕಾಕು ಒಂದು ದಿನ ನನಗೆ ಚಹಾ ಕೊಡುತ್ತ, "ಪಂಚಮಿಗೆ ಅರಿಷಿಣ ಕುಂಕುಮಕ್ಕ ಯಾರೂ ಕರೀಲಿಲ್ರಿ," ಎಂದಳು. ದೂರುವ ದನಿಯೇ ಅಲ್ಲ. ಚಹಾದ ಕಪ್ಪು ಕೆಳಗಿಟ್ಟೆ. ಹೊರಗೆ ಬಂದು ಕಾಕಾನನ್ನು, ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಂದೇನ್ರಿ, ಬೈಸಿಕೊಂಡು ರೂಢಿ ಐತಿ. ನೀವು ಹೊಸಬರು," ಎಂದ. ಮತ್ತೆ ಅಂದ: "ಇಷ್ಟ ವರ್ಷದಾಗ ಎಷ್ಟ ಸಾಹೇಬರು ಬಂದ್ರು, ಹೋದ್ರು. ನಾ ತೋರಿಸಿದ ಮಣ್ಣ ಕೈಯಾಗ ಹಿಡದ ನೋಡಿದವರ ನೀವ ಒಬ್ಬರs. ಅಷ್ಟ ಸಾಕು."

ಸಾಕು ಅಂದದ್ದು ಅವನು. ನನಗೆ ಸಾಕಾಗಿರಲಿಲ್ಲ, ಆದರೂ ಬಾಯಿ ಬಿಡುವ ಧೈರ್ಯ ಬರಲಿಲ್ಲ. ಬೇಸಿಗೆಯಲ್ಲಿ ಒಡ್ಡಿನ ಆ ಭಾಗ ಅಗೆದು, ಹೊಸ ಮಣ್ಣು ಹದ ಮಾಡಿ ತುಂಬಿ ಜಡಿಸಿದೆವು. ಕಾಕಾ ದಿನವಿಡೀ ಅದರ ಮೇಲೆ ಬರಿಗಾಲಲ್ಲಿ ಓಡಾಡಿದ. ಮರುವರ್ಷ ಕೆರೆ ಕೋಡಿಯವರೆಗೆ ತುಂಬಿತು. ಗ್ಲಾಸಿನ ನೀರು ದಿನವೂ ತಿಳಿಯಾಗಿಯೇ ಬಂತು.

ಬಾಗಿನದ ದಿನ ನನ್ನನ್ನೂ ಎರಡು ಮಾತಾಡಲು ಕರೆದರು. ಮೈಕು ಹಿಡಿದು ಹೇಳಿಬಿಟ್ಟೆ: ಹೋದ ವರ್ಷ ಗೇಟು ತೆರೆಸಿದ್ದು ನಾನು, ಬೈಸಿಕೊಂಡದ್ದು ಕಾಕಾ, ಅಂದು ಸುಮ್ಮನೆ ನಿಂತದ್ದು ನನ್ನ ಹೇಡಿತನ. ಅಳು ಬಂದು ಮೈಕು ಕೆಳಗಿಟ್ಟೆ. ಕೊರಳಪಟ್ಟಿ ಹಿಡಿದಿದ್ದ ಆ ಹಿರಿಯರು ಎದ್ದು, ಅರಿಷಿಣ ಕುಂಕುಮ, ಬಳೆ ಇಟ್ಟಿದ್ದ ಮೊದಲ ಮೊರವನ್ನು ಎತ್ತಿಕೊಂಡು ಕಾಕುವಿನ ಮುಂದೆ ಹೋದರು. "ತಂಗೀ, ಮೊದಲ ಬಾಗಿನ ನೀ ಬಿಡವಾ," ಎಂದರು. ವೇದಿಕೆಯ ದೊಡ್ಡವರು ಕಾಯುತ್ತ ನಿಂತರು.

ಕಾಕಾ ಮಾತ್ರ ಸಂಜೆ ನನಗೆ ಬೈದ. "ಮೈಕಿನ್ಯಾಗ ಯಾಕ ಹೇಳಾಕ ಹೋದ್ರಿ? ಚಾದಂಗಡ್ಯಾಗ ಹೇಳಿದ್ರ ಅದಕ್ಕಿಂತ ಲಗೂನ ಊರೆಲ್ಲಾ ಮುಟ್ಟತಿತ್ತು." ಹಾಗೆನ್ನುವಾಗ ಅವನ ಕಣ್ಣೂ ಒದ್ದೆಯಾಗಿತ್ತು.

ಹೋದ ಚಳಿಗಾಲದಲ್ಲಿ ನಾಲ್ಕು ದಿನ ಜ್ವರ ಬಂದು ಕಾಕಾ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಹೆಗಲು ಕೊಡಲು ಜನ ಪಾಳಿ ಹಚ್ಚಿದ್ದರು. ಕೆರೆಯ ಕೆಳಗಿನ ತೋಟಗಳಲ್ಲಿ ದ್ರಾಕ್ಷಿ ಬಣ್ಣ ತಿರುಗುತ್ತಿತ್ತು, ಟ್ಯಾಂಕರುಗಳು ಮನೆಗಳ ಹಿಂದೆ ತುಕ್ಕು ಹಿಡಿಯುತ್ತಿದ್ದವು. ನಾನು ಅತ್ತುಬಿಟ್ಟೆ, ಆದರೂ ಆ ಹಸಿರು ನೋಡಿ ನನಗೆ ಸಂತೋಷವಾಯಿತು. ಹೇಳಲು ನಾಚಿಕೆಯಿಲ್ಲ.

ನನಗೀಗ ಬಬಲೇಶ್ವರ ಭಾಗಕ್ಕೆ ವರ್ಗವಾಗಿದೆ. ಮೊನ್ನೆ ನಿಡೋಣಿಯ ಹತ್ತಿರ ಸರದಿ ಮುಗಿದು ಕಾಲುವೆಯ ಗೇಟು ಇಳಿಸುವಾಗ ರೈತರು ಗೇಟು ನೋಡಿಕೊಳ್ಳುವವನನ್ನು ಸುತ್ತುವರಿದರು. ಒಬ್ಬ ಅವನ ರಟ್ಟೆ ಹಿಡಿದಿದ್ದ. ಜೀಪಿನಿಂದ ಇಳಿದು ನಡುವೆ ಹೋಗಿ ನಿಂತೆ.

"ಅಂವನ ಕೈ ಬಿಡ್ರಿ," ಎಂದೆ. "ಗೇಟ್ ಇಳಸಂತ ಹೇಳಿದಾಕಿ ನಾನು. ಏನ್ ಕೇಳೂದೈತಿ, ನನ್ನ ಕೇಳ್ರಿ."