ಮಾವನ ಹಲ್ಲಿಗೆ ಸಿಕ್ಕಿದ ಬೀಜ

ನಮ್ಮ ಮಾವ ಹಲ್ಲಿನ ಸೆಟ್ ಕಟ್ಟಿಸಿಕೊಂಡ ದಿನದಿಂದ ಮನೆಯೊಳಗೆ ಬೀಜವಿರುವ ಹಣ್ಣು ಬರುವುದು ನಿಂತುಹೋಯಿತು. ಸೀಬೆಗೆ ಬಹಿಷ್ಕಾರ, ಸೀತಾಫಲಕ್ಕೆ ಬಹಿಷ್ಕಾರ. ದ್ರಾಕ್ಷಿಯೂ ಸೀಡ್‌ಲೆಸ್, ಕಿತ್ತಳೆಯೂ ಸೀಡ್‌ಲೆಸ್. ಗಡಿಯಾಚೆ ತಮಿಳು ಸೀಮೆಗೆ ಸೇರಿದ ನಮ್ಮ ಮತ್ತಿಗಿರಿಯ ಹಣ್ಣಿನಂಗಡಿಯವನು ಸ್ಟಿಕ್ಕರ್ ಅಂಟಿಸಿದ ಕಿತ್ತಳೆಗಳನ್ನು ತೂಗಿ ಕೊಡುವಾಗಲೆಲ್ಲ, ಒಂದು ಬೀಜ ಸಿಕ್ಕಿದರೆ ಅಂಗಡಿಯನ್ನೇ ಬರೆದುಕೊಡುತ್ತೇನೆ ಎಂದು ತಮಿಳಿನಲ್ಲಿ ಆಣೆ ಇಡುತ್ತಿದ್ದ. ಮಾವ ನಂಬಿದ್ದರು.

ಒಂದು ಸಂಜೆ ಮಾವ ಜಗಲಿಯಲ್ಲಿ ಕೂತು ಕಿತ್ತಳೆ ತಿನ್ನುತ್ತಿದ್ದಾಗ ಕಟಕ್ ಎಂದು ಸದ್ದಾಯಿತು. ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ಓಡಿಬಂದು ನೋಡಿದರೆ ಮಾವ ದವಡೆ ಹಿಡಿದುಕೊಂಡು ಕಣ್ಣು ಮುಚ್ಚಿದ್ದಾರೆ. ಅತ್ತೆ ಮಾತ್ರ ಹಲ್ಲಿನ ಕಡೆ ನೋಡಲೇ ಇಲ್ಲ. ಮಾವನ ಗದ್ದದ ಕೆಳಗೆ ಅಂಗೈ ಒಡ್ಡಿದರು.

"ಉಗೀರಿ ಇಲ್ಲಿ."

ದುಂಡಗಿನ ಒಂದು ಬೀಜ ಬಿತ್ತು. ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ ಬೆಳಕಿಗೆ ಹಿಡಿದರು. "ನೋಡು, ಅಷ್ಟು ಜನ ಸೇರ್ಕೊಂಡು ನೀನು ಬರ್ಲೇಬ್ಯಾಡ ಅಂದ್ರೂ ಬಂದೈತೆ. ಇಂಥದ್ದು ಸಾಯಾಕಿಲ್ಲ," ಎಂದು ನೇರ ಹಿತ್ತಲಿಗೆ ಹೋಗಿ ಮೊಸರಿನ ಡಬ್ಬದಲ್ಲಿ ಮಣ್ಣು ತುಂಬಿದರು.

ನಾನು ಓದಿದವಳು. ಸುಮ್ಮನಿರಲು ಬರುವುದಿಲ್ಲ. ಫೋನಿನಲ್ಲಿ ಹುಡುಕಿ, "ಅತ್ತೆ, ಬೀಜದಿಂದ ಬಂದ ಕಿತ್ತಳೆ ಹಣ್ಣು ಬಿಡೋಕೆ ಏಳೆಂಟು ವರ್ಷ ಆಗ್ತದಂತೆ," ಎಂದೆ.

"ನಿನ್ ಫೋನು ಅಷ್ಟು ವರ್ಷ ಇರ್ತದಾ?" ಎಂದರು.

ಆ ಫೋನು ಮರುವರ್ಷವೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಒಡೆಯಿತು. ಮುಂದಿನದು ನೀರಿಗೆ ಬಿತ್ತು. ಗಿಡಕ್ಕೆ ಏನೂ ಆಗಲಿಲ್ಲ. ಒಂದೇ ಬೀಜದಿಂದ ಎರಡು ಸಸಿ ಎದ್ದಿದ್ದವು. ಅವಳಿ ಹುಟ್ಟಿವೆ ಎಂದು ಅತ್ತೆ ಬೀದಿಗೆಲ್ಲ ಸಾರಿದರು. ಒಂದನ್ನು ಯಾರದೋ ಮೇಕೆ ಮೇಯ್ದುಬಿಟ್ಟಿತು. ಉಳಿದ ಒಂದನ್ನು ಮನೆಯ ಮುಂದೆ, ಬಚ್ಚಲ ನೀರು ಹರಿಯುವ ಕಡೆ ನೆಟ್ಟರು. ಅದು ಮಾವನ ಎತ್ತರಕ್ಕೆ ಬೆಳೆಯಿತು, ಆಮೇಲೆ ಕಿಟಕಿಯ ಮೇಲಕ್ಕೂ ಹೋಯಿತು. ಮೈತುಂಬ ಮುಳ್ಳು. ಒಣಹಾಕಿದ ಸೀರೆ ಅದಕ್ಕೇ ಸಿಕ್ಕಬೇಕು, ಮಾವನ ಲುಂಗಿಯೂ ಅದಕ್ಕೇ ಸಿಕ್ಕಬೇಕು. ಹೂವು ಮಾತ್ರ ಇಲ್ಲ. ದಿನಾ ಬೆಳಿಗ್ಗೆ ಕೊಂಬೆ ಬಗ್ಗಿಸಿ ನೋಡಿ ಅತ್ತೆ ಒಳಗೆ ಬರುವಾಗ, ಬಾಯಿಬಡುಕಿಯಾದ ನನಗೂ ಏನೂ ಕೇಳಲು ಮನಸ್ಸಾಗುತ್ತಿರಲಿಲ್ಲ.

ಹೀಗಿರುವಾಗ ನನ್ನ ಗಂಡ ಒಂದು ಹಳೇ ಕಾರು ತಂದರು. ಅದನ್ನು ನಿಲ್ಲಿಸಲು ಗಿಡವಿದ್ದ ಜಾಗ ಬಿಟ್ಟರೆ ಬೇರೆ ಇರಲಿಲ್ಲ. ಬೀದಿಯಲ್ಲಿ ನಿಲ್ಲಿಸಿದರೆ ದನಗಳು ಮೈ ಉಜ್ಜಿ ಹೋಗುತ್ತಿದ್ದವು. ಶೆಡ್ಡು ಹಾಕಬೇಕು, ಗಿಡ ಕಡಿಯಬೇಕು ಎಂದು ಮಾವ ತೀರ್ಮಾನಿಸಿದರು.

"ಒಂದು ಹಣ್ಣೂ ನೋಡ್ದೆ ಕಡಿಯಾಕೆ ಬಿಡಾಕಿಲ್ಲ. ಮೊದ್ಲು ಹೆದರ್ಸಿ ನೋಡಿ," ಎಂದು ಅತ್ತೆ ಅಡ್ಡ ನಿಂತರು.

ಕಾಯಿ ಬಿಡದ ಗಿಡವನ್ನು ಹೆದರಿಸುವುದು ಅತ್ತೆಯ ತವರು ಬೇರಿಕೆಯ ಕಡೆಯ ಪದ್ಧತಿ. ಒಬ್ಬರು ಕೊಡಲಿ ಎತ್ತಿ ಬಾಯಿಗೆ ಬಂದಂತೆ ಬೈಯಬೇಕು. ಇನ್ನೊಬ್ಬರು ಓಡಿಬಂದು ಕೈ ಹಿಡಿದು, ಈ ಸಲ ಬಿಟ್ಟುಬಿಡು, ನಾನು ಜಾಮೀನು ಅನ್ನಬೇಕು. ಜಾಮೀನು ಬಿದ್ದ ಗಿಡಕ್ಕೆ ಒಂದು ವರ್ಷ ಕೊಡಲಿ ತಾಕಿಸುವಂತಿಲ್ಲ. ಮೊದಲ ಹಣ್ಣು ಜಾಮೀನು ನಿಂತವರಿಗೆ. ಬೈಯುವುದು ಮಾವ, ಜಾಮೀನು ನಾನು ಎಂದು ನಿಗದಿಯಾಯಿತು.

ಭಾನುವಾರ ಬೆಳಿಗ್ಗೆ ಮಾವ ಲುಂಗಿ ಎತ್ತಿ ಕಟ್ಟಿ ಕೊಡಲಿ ಹಿಡಿದರು. ಅತ್ತೆ ಗಿಡದ ಪಕ್ಕದಲ್ಲೇ ನಿಂತಿದ್ದರು. ಮಾವನಿಗೆ ಇಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ಬಂತು.

"ಇಷ್ಟು ವರ್ಸ ಕೂತು ತಿಂದೆ! ನನ್ ಮನೆ ನೀರು ಕುಡ್ದೆ! ಏನ್ ಕೊಟ್ಟೆ ನಂಗೆ? ಮೈಯೆಲ್ಲ ಮುಳ್ಳು! ಇವತ್ತು ನಿನ್ ಕಡ್ದೇ ಬಿಡ್ತೀನಿ!"

ನನಗೆ ನಗು ತಡೆಯಲಾಗದೆ ಬಾಯಿಗೆ ಸೆರಗು ಒತ್ತಿಕೊಂಡೆ, ಜಾಮೀನಿನ ಮಾತು ಹೊರಡಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯಿಂದ ಬನಿಯನ್ನಿನಲ್ಲೇ ಒಬ್ಬರು ಕಾಂಪೌಂಡ್ ಹಾರಿ ಬಂದರು. ಫ್ಯಾಕ್ಟರಿ ಕೆಲಸಕ್ಕೆಂದು ಮಧುರೆಯ ಆಚೆಯಿಂದ ಬಂದು ಹೊಸದಾಗಿ ಬಾಡಿಗೆಗೆ ಸೇರಿದ್ದವರು. ಕನ್ನಡ ಅರೆಬರೆ. ಅವರಿಗೆ ಕಂಡದ್ದು ಕೊಡಲಿ ಎತ್ತಿದ ಗಂಡ, ಎದುರಿಗೆ ನಿಂತ ಹೆಂಡತಿ, ಸೆರಗಿನಲ್ಲಿ ಬಾಯಿ ಮುಚ್ಚಿ ಅಳುತ್ತಿರುವ ಸೊಸೆ.

"ವೇಂಡಾಂ ತಾತಾ, ವೇಂಡಾಂ!" ಬೇಡ ಬೇಡ ಎನ್ನುತ್ತ ಮಾವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಪಾವಂ ಪಾಟಿ! ಪಾಪ ಅಜ್ಜಿ! ಬಿಟ್ಬಿಡಿ! ಏನಿದ್ರೂ ನಾನ್ ಜವಾಬ್ದಾರಿ!"

"ಬಿತ್ತು ಜಾಮೀನು!" ಎಂದು ಅತ್ತೆ ಚಪ್ಪಾಳೆ ತಟ್ಟಿದರು.

ವಿಷಯ ತಿಳಿದ ಮೇಲೆ ಅವರು ನಾಚಿ ಕೆಂಪಗಾದರು. ಆದರೆ ಕೊಟ್ಟ ಮಾತು ಬಿಡುವವರಲ್ಲ. ಶಿಫ್ಟಿಗೆ ಹೋಗುವಾಗಲೂ ಬರುವಾಗಲೂ ಗೇಟಿನ ಬಳಿ ನಿಂತು, "ಪಾಟಿ, ಹೂವು ಬಂತಾ?" ಎಂದು ಕೇಳುತ್ತಿದ್ದರು. ವರ್ಷ ತಿರುಗುವಷ್ಟರಲ್ಲಿ ಹೂವು ಬಂತು! ಬೈಗುಳಕ್ಕೆ ಬಂತೋ, ವಯಸ್ಸಿಗೆ ಬಂತೋ ನಾನು ಹೇಳಲಾರೆ. ಮನೆಯೆಲ್ಲ ಘಮ ಘಮ. ಕಾಯಿ ಕಚ್ಚಿದ್ದು ಕೆಲವು, ಗಾಳಿಗೆ ಉದುರದೆ ನಿಂತದ್ದು ಒಂದೇ ಒಂದು.

ಅದು ಬಣ್ಣಕ್ಕೆ ತಿರುಗಿದಾಗ ಮಾವ ಶೆಡ್ಡಿನ ಮಾತು ಮತ್ತೆ ತೆಗೆದರು. "ನಿನ್ ಆಸೆ ತೀರ್ತಲ್ಲ. ಇದ್ರ ಬೀಜ ಇಟ್ಕೊ, ಬಾಗಲೂರು ಹೊಲದ ಬದೀಲಿ ಹಾಕಾನ. ಇದನ್ನ ಕಡಿಸ್ತೀನಿ."

"ಬೀಜ ಇಲ್ದಿದ್ರೆ?"

"ಇಲ್ದಿದ್ರೆ ಕಡಿಯಾಕಿಲ್ಲ, ಹೋಗು."

ಒಂದು ಬೀಜಕ್ಕಾಗಿ ಕೈಯೊಡ್ಡಿದ್ದ ಅತ್ತೆ ಈಗ ಬೀಜ ಇರಬಾರದಪ್ಪ ಎಂದು ದೇವರಿಗೆ ದೀಪ ಹಚ್ಚಿದರು.

ಹಣ್ಣು ಪದ್ಧತಿಯಂತೆ ಜಾಮೀನುದಾರರ ಕೈಗೆ ಹೋಯಿತು. ಅವರು ಒಬ್ಬರೇ ತಿನ್ನಲು ಒಪ್ಪದೆ ಜಗಲಿಯಲ್ಲಿ ಕೂತು ಸುಲಿದು, ತೊಳೆ ಬಿಡಿಸಿ ಎಲ್ಲರಿಗೂ ಹಂಚಿದರು. ಅತ್ತೆ ತಮ್ಮ ಪಾಲಿನ ತೊಳೆಗಳನ್ನು ಬೆರಳಲ್ಲಿ ಹಿಸುಕಿ ನೋಡಿ, ಬೀಜವಿಲ್ಲ ಎಂದು ಖಾತ್ರಿಯಾದ ಮೇಲೆಯೇ ಬಾಯಿಗಿಟ್ಟರು. ಕಣ್ಣು ಮುಚ್ಚಿಕೊಂಡು ನಿಧಾನವಾಗಿ ತಿಂದರು. ಕಣ್ಣಂಚಿನಲ್ಲಿ ನೀರು ಬಂತು. ಹುಳಿಗಲ್ಲ, ಹಣ್ಣು ಅಷ್ಟೇನೂ ಹುಳಿಯಿರಲಿಲ್ಲ. ನನ್ನದರಲ್ಲೂ ನನ್ನ ಗಂಡನದರಲ್ಲೂ ಬೀಜವಿರಲಿಲ್ಲ, ಪಕ್ಕದ ಮನೆಯವರದರಲ್ಲೂ ಇರಲಿಲ್ಲ. ಉಳಿದದ್ದು ಮಾವನ ಬಾಯಲ್ಲಿದ್ದ ಕೊನೆಯ ತೊಳೆ. ಅತ್ತೆ ಅವರ ಮುಖವನ್ನೇ ನೋಡುತ್ತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

ಮಾವ ಅಗಿದರು. ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಕಟಕ್ ಎಂದಿತು, ಮೆಲ್ಲಗೆ. ಅವರ ದವಡೆ ನಿಂತಿತು. ನನ್ನ ಕಡೆ ಒಮ್ಮೆ ನೋಡಿದರು, ಅತ್ತೆಯ ಕಡೆ ಒಮ್ಮೆ ನೋಡಿದರು.

ಆಮೇಲೆ ಕಷ್ಟಪಟ್ಟು ನುಂಗಿದರು.

"ಎಲ್ಲೈತೆ ಬೀಜ? ಒಂದೂ ಇಲ್ಲ," ಎಂದು ಬರಿಗೈ ತೋರಿಸಿ, ನನ್ನ ಕಡೆ ತಿರುಗಿದರು. "ಏನಮ್ಮಾ, ಕೂತ್ಕೊಂಡೇ ಇದ್ದೀಯಲ್ಲ, ಒಂದು ಲೋಟ ನೀರು ತತ್ತೀಯಾ?"