ರಾಜರ ಶಾಲೆಯ ಎತ್ತರದ ಬಾಗಿಲು

ಕಾಡಂಚಿನ ಊರೊಂದರಲ್ಲಿ, ಹಿಂದೆ ರಾಜರು ಸ್ಥಾಪಿಸಿದ ಗಂಡುಮಕ್ಕಳ ಹೈಸ್ಕೂಲೊಂದರ ಸ್ಮರಣ ಸಂಚಿಕೆಗೆ ಇತಿಹಾಸ ಬರೆಯುವ ಕೆಲಸ ನನಗೆ ಬಿತ್ತು. ಶಾಲೆಗೆ ರಜೆಯಿದ್ದ ದಿನ ನಿವೃತ್ತ ಮೇಷ್ಟ್ರು ಸುಬ್ಬಯ್ಯನವರು ಕಟ್ಟಡ ತೋರಿಸುತ್ತಿದ್ದರು. ಅಂಗಳದಲ್ಲಿದ್ದಾಗ ಪಕ್ಕದ ಕಾಫಿ ಎಸ್ಟೇಟಿನ ಬೇಲಿ ಮುರಿದ ಸದ್ದಾಯಿತು. ತಿರುಗಿದರೆ ಒಂಟಿ ಸಲಗ, ನಮ್ಮ ಕಡೆಗೇ ಬರುತ್ತಿತ್ತು.

ಇಬ್ಬರೂ ಓಡಿಹೋಗಿ ಹಳೇ ಸಭಾಂಗಣ ಸೇರಿ ಅಗುಳಿ ಹಾಕಿದೆವು.

"ಇಲ್ಲಿ ಏನೂ ಭಯ ಇಲ್ಲ ಅಲ್ವಾ ಸಾರ್?" ಎಂದು ಪಿಸುಗುಟ್ಟಿದೆ.

"ಬಾಗಿಲು ಯಾಕೆ ಇಷ್ಟು ಎತ್ತರ ಅಂತ ನೀವು ಕೇಳಲೇ ಇಲ್ಲ," ಎಂದರು ಮೇಷ್ಟ್ರು, ಬೆವರು ಒರೆಸಿಕೊಳ್ಳುತ್ತಾ. "ಇದು ರಾಜರ ಆನೆ ಲಾಯ. ಶಾಲೆಗೆ ಬಿಟ್ಟುಕೊಟ್ಟದ್ದು ಆಮೇಲೆ."

ಹೊರಗೆ ಸೊಂಡಿಲು ಹಲಗೆಯನ್ನು ಸವರುತ್ತಿತ್ತು. ಬುಸ್ಸೆನ್ನುವ ಉಸಿರು ಸಂದಿಯಿಂದ ನನ್ನ ಕಾಲಿಗೆ ತಾಗಿತು. ಬಾಗಿಲು ಕಿರುಗುಟ್ಟಿ ಒಳಕ್ಕೆ ಬಾಗಿತು. ಮೇಷ್ಟ್ರು ನನ್ನ ತೋಳನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದರು. ನನಗೆ ದೇವರ ಹೆಸರೂ ನೆನಪಾಗಲಿಲ್ಲ.

ಏನನ್ನಿಸಿತೋ, ಆನೆ ತಳ್ಳುವುದನ್ನು ನಿಲ್ಲಿಸಿ ಅಂಗಳದಂಚಿನ ಹಲಸಿನ ಮರದತ್ತ ಹೋಯಿತು. ಹೊಟ್ಟೆ ತುಂಬಿದ ಮೇಲೆ ತೋಟಕ್ಕಿಳಿಯಿತು. ನಾವು ಬಾಗಿಲು ತೆಗೆಯಲು ಇನ್ನೂ ಬಹಳ ಹೊತ್ತು ಬೇಕಾಯಿತು.

"ರಾಜರು ಶಾಲೆ ಶುರುಮಾಡಿದ ಕಥೆ ಬಾಕಿ ಇದೆ. ಒಳಗೇ ಕೂತು ಮುಗಿಸೋಣವಾ?" ಎಂದರು ಮೇಷ್ಟ್ರು.

"ಅದನ್ನು ಫೋನಿನಲ್ಲೇ ಹೇಳಿ ಸಾರ್," ಎಂದು ಸ್ಕೂಟರ್ ಹತ್ತಿದೆ.